ಬಿಸಿಲಿಗೆ ಹಾಕಿದ ಕಳಕಪ್ಪ

ಡಾಕ್ಟರ್ ಪ್ರಭುರಾಜ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಾಗ ಅವರ ಪೇಶಂಟು ತಪಾಸಣೆ ಮಂಚದ ಮೇಲೆ ಮಲಗಿರಬೇಕಿತ್ತು. ಮಲಗಿರಲಿಲ್ಲ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೇಜಿನ ಮೇಲಿಂದ ಎತ್ತಿಕೊಂಡ ಸೂಜಿಯನ್ನು ಗಾದಿಯ ಹೊಟ್ಟೆಗೆ ಚುಚ್ಚಿ, ಸಣ್ಣಗೆ ತಿರುವಿ, ಹೊರಗೆಳೆದು, ತುದಿಗೆ ಅಂಟಿ ಬಂದ ಹತ್ತಿಯ ಎಳೆಯನ್ನು ಅಂಗೈಗೆ ಹಾಕಿಕೊಂಡು ಉಫ್ ಎಂದು ಊದುತ್ತಿದ್ದ.

"ಏನ್ ನಡಿಸೀರಿ ಯಜಮಾನ್ರ?"

ಗಾಬರಿಯಾದಾಗ ಮನುಷ್ಯನ ಬಾಯಿಗೆ ಬರುವುದು ಒಂದೋ ದೇವರ ಹೆಸರು, ಇಲ್ಲವೇ ಕಸುಬಿನ ಮಾತು. ಕಳಕಪ್ಪನಿಗೆ ಎರಡನೆಯದು ಬಂತು.

"ಮಾಲು ಹಳೇದೈತ್ರಿ ಸಾಹೇಬ್ರ. ಒಳಗ ಸ್ವಲ್ಪ ತ್ಯಾವ ಹಿಡದೈತಿ."

ಮೂಲೆಯ ಸ್ಟೂಲಿನ ಮೇಲಿದ್ದ ಅವನ ಹೆಂಡತಿ ಬಸವಣ್ಣೆಮ್ಮ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. "ತಪ್ಪು ತಿಳೀಬ್ಯಾಡ್ರಿ. ಮಗಳಿಗೆ ವರ ನೋಡಾಕ ಹೋದಾಗ ಬೀಗರ ಮನಿ ಜ್ವಾಳದ ಚೀಲಕ್ಕೂ ಹಿಂಗ ಮಾಡಿದ್ರು."

"ಸಂಬಂಧ ಕೂಡಿತೇನ್ರಿ?" ಎಂದರು ಡಾಕ್ಟರು.

"ಕೂಡಿತ್ರಿ," ಎಂದ ಕಳಕಪ್ಪ. "ಜ್ವಾಳ ಛಲೋ ಇತ್ತು."

ಡಾಕ್ಟರು ಅವನ ಕೈಯಿಂದ ಸೂಜಿ ಇಸಿದುಕೊಂಡರು. ಸೂಜಿ ಎಂದರೆ ಕಂಪೌಂಡರನ ಸೂಜಿಯಲ್ಲ. ಮಾರುದ್ದದ ಬಳ್ಳಿಯಂಥ ನಳಿಗೆ, ಒಂದು ತುದಿಗೆ ಹಿಡಿಕೆ, ಇನ್ನೊಂದು ತುದಿಯಲ್ಲಿ ಒಳಗೂ ಹೊರಗೂ ಓಡಾಡುವ ಸಣ್ಣ ಮೊನೆ. "ಪುಣ್ಯಕ್ಕ ಇದು ತೋರಸಾಕ ಇಟ್ಟದ್ದು. ಕಂಪನಿಯವರು ಬಿಟ್ಟು ಹೋಗ್ಯಾರ. ನಿಮಗ ಹಾಕೋದು ಪ್ಯಾಕೆಟ್ ಒಡೀದ ಹೊಸಾದು."

"ಹಂಗಾದ್ರ ಇದನ್ನ ಗಾದಿಗೇ ಇಡ್ರಿ," ಎಂದು ಕಳಕಪ್ಪ ಮಂಚ ಹತ್ತಿ, ತಾನೂ ಒಂದು ಚೀಲದಂತೆ ಅಡ್ಡಾದ.

ಗಂಗಾವತಿಯ ಪೇಟೆಯಲ್ಲಿ ಬರೀ ಕಳಕಪ್ಪ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಯಲಬುರ್ಗಾ ಕಡೆಯಿಂದ ದುಡಿಯಲು ಬಂದ ಕಳಕಪ್ಪಗಳು ಅಲ್ಲಿ ಒಂದು ಲಾರಿ ತುಂಬುವಷ್ಟಿದ್ದಾರೆ. ಸೂಜಿ ಕಳಕಪ್ಪ ಎಂದರೆ ಮಾತ್ರ ಹಮಾಲರು ಬೆರಳು ಮಾಡಿ ತೋರಿಸುತ್ತಾರೆ. ಅವನು ೧೯೯೭ರಲ್ಲಿ ಊರು ಬಿಟ್ಟು ಬಂದು ಒಂದು ಅಕ್ಕಿ ಗಿರಣಿಗೆ ಸೇರಿಕೊಂಡ. ಅವನ ಊರಲ್ಲಿ ಜೋಳ, ಸಜ್ಜೆ ಬಿಟ್ಟರೆ ಬೇರೆ ಕಾಳಿಲ್ಲ. ಅನ್ನ ಕಂಡಿದ್ದು ಮದುವೆ ಮನೆಗಳಲ್ಲಿ, ಅದೂ ಬೇರೆಯವರ ಎಲೆಯ ಮೇಲೆ. ಮೊದಲ ವಾರ ತೌಡಿನ ಚೀಲಕ್ಕೆ ಸೂಜಿ ಹಾಕಿ ತೆಗೆದು, "ಅಕ್ಕಿ ಭಾಳ ಸಣ್ಣದೈತಿ, ಸಾಹುಕಾರ ಮಂದಿ ಉಣ್ಣೂದಿರಬೇಕು" ಎಂದಿದ್ದ. ಈ ಕತೆಯನ್ನು ಪೇಟೆಗೆಲ್ಲ ಹಂಚಿದವನು ಅವನೇ. ಬೇರೆಯವರು ಹೇಳಿದರೆ ಮಸಾಲೆ ಕಡಿಮೆಯಾಗುತ್ತದೆ ಎಂದು ಅವನ ಅಭಿಪ್ರಾಯ.

ಅವನ ಸೂಜಿ ಎಂದರೆ ಹೆಬ್ಬೆರಳು ಗಾತ್ರದ, ತುದಿ ಚೂಪಾದ, ಹೊಟ್ಟೆ ಸೀಳಿದ ಕಬ್ಬಿಣದ ಕೊಳವೆ. ಭತ್ತದ ಚೀಲದ ಹೊಲಿಗೆ ಬಿಚ್ಚದೆ ಪಕ್ಕೆಗೆ ಚುಚ್ಚಿದರೆ ಸೀಳಿನಗುಂಟ ಕಾಳು ಸುರಿದು ಅಂಗೈಗೆ ಬರುತ್ತದೆ. ಬಂದದ್ದನ್ನು ಎರಡೂ ಕೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಕಾಳನ್ನು ಮುಂದಿನ ಹಲ್ಲಿಗೆ ಕೊಡಬೇಕು. ಕಟ್ ಎಂದರೆ ಒಣ ಮಾಲು. ಸದ್ದಿಲ್ಲದೆ ಚಪ್ಪಟೆಯಾದರೆ ಹಸಿ. ಹಸಿ ಎಂದು ಕಳಕಪ್ಪ ತಲೆ ಅಲ್ಲಾಡಿಸಿದರೆ ಆ ಚೀಲ ಮತ್ತೆ ಗಾಡಿ ಹತ್ತಿ, ಕಾಲುವೆ ದಂಡೆಯ ಮೇಲೋ ಡಾಂಬರ ರಸ್ತೆಯ ಮೇಲೋ ಬಿಸಿಲಿಗೆ ಬೀಳಬೇಕು. ಹೀಗಾಗಿ ಸಿದ್ದಾಪುರ, ಶ್ರೀರಾಮನಗರದ ಕಡೆಯ ರೈತರಿಗೆ ಅವನ ಹಲ್ಲಿನ ಮೇಲೆ ದೇವರಿಗಿಂತ ಒಂದು ತೂಕ ಹೆಚ್ಚು ಭಯ. ಕೆಲವರು ಚೀಲದ ಬಾಯಿಗೆ ಒಣ ಕಾಳು, ಹೊಟ್ಟೆಗೆ ಹಸಿ ತುಂಬಿ ತರುವರು. ಅದಕ್ಕೇ ಕಳಕಪ್ಪ ಬಾಯಿಗೊಂದು, ನಡುವಿಗೊಂದು, ತಳಕ್ಕೊಂದು ಹಾಕುತ್ತಿದ್ದ. ಸಿದ್ದಾಪುರದ ದೊಡ್ಡಬಸಪ್ಪ ಹೀಗೆ ಒಮ್ಮೆ ಸಿಕ್ಕಿಬಿದ್ದಾಗ, ತನ್ನ ಚೀಲದ ಪಕ್ಕೆ ಸವರುತ್ತ ಹೇಳಿದ್ದ:

"ಚುಚ್ಚಪಾ, ಚುಚ್ಚು. ಒಂದಿನ ನಿನ್ನ ಹೊಟ್ಟಿಗೂ ಯಾರರೆ ಹಿಂಗ ಚುಚ್ಚಿ ನೋಡಲಿ. ಚೀಲದ ಸಂಕಟ ಆವಾಗ ತಿಳೀತದ ನಿನಗ."

"ನನ್ನ ಹೊಟ್ಯಾಗ ಏನೈತಿ ಮಾರಾಯ, ಬರೀ ಜೊಳ್ಳು," ಎಂದು ಕಳಕಪ್ಪ ನಕ್ಕಿದ್ದ.

ಜೊಳ್ಳಲ್ಲ, ಗಂಟಿದೆ ಎಂದು ತಿಳಿದದ್ದು ಈ ವರ್ಷ, ಬೇಸಗೆ ಭತ್ತ ಪೇಟೆಗೆ ಬರುವ ಹೊತ್ತಿಗೆ. ಮೊದಲು ಅವನ ಕಣ್ಣು ಹಳದಿಯಾಯಿತು. "ಕಳಕಪ್ಪಗ ಬಂಗಾರದ ಬಣ್ಣ ಬಂದೈತಿ, ಸೋನಾ ಮಸೂರಿ ಆಗ್ಯಾನ," ಎಂದರು ಹಮಾಲರು. ಮೈ ತುರಿಕೆ ಹತ್ತಿತು. ಅಂಗಿ ದೊಡ್ಡದಾಯಿತು; ಅಂಗಿ ದೊಡ್ಡದಾಗುವುದಿಲ್ಲ ಎಂದು ಬಸವಣ್ಣೆಮ್ಮನೇ ಹೇಳಬೇಕಾಯಿತು. ಅವಳ ತವರು ಇರಕಲ್ಲಗಡದ ಕಡೆ ಕಾಮಾಲೆಗೆ ಎಲೆ ಅರೆದು ಕೊಡುವವರಿದ್ದರು. ಎಲೆಯ ರಸ ಕುಡಿದು ಕಳಕಪ್ಪ ಹಳದಿಯ ಮೇಲೆ ಸ್ವಲ್ಪ ಹಸಿರೂ ಆದನೇ ಹೊರತು ಗುಣವಾಗಲಿಲ್ಲ. ಕೊನೆಗೆ ಗಂಗಾವತಿಯಲ್ಲಿ ಸ್ಕ್ಯಾನು ಮಾಡಿದವರು, ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಗಂಟಿದೆ ಎಂದು ಬರೆದುಕೊಟ್ಟರು.

"ಜೀರಕ ಅಂದ್ರ ಜೀರಿಗಿ ಅಲ್ಲೇನ?" ಎಂದು ಮನೆಗೆ ಬಂದು ಕಳಕಪ್ಪ ಹೆಂಡತಿಗೆ ಹೇಳಿದ. "ಇಷ್ಟು ವರ್ಷ ಭತ್ತದ ಪ್ಯಾಟ್ಯಾಗಿದ್ದು ನನ್ನೊಳಗ ಜೀರಿಗಿ ಚೀಲ ಇದ್ದದ್ದು ನನಗ ಗೊತ್ತಿಲ್ಲ ನೋಡು. ಅಪ್ಪ ಗಂಟು ಇಟ್ಟು ಹೋಗಲಿಲ್ಲ ಅಂತ ಬೈತಿದ್ದೆ. ಇಲ್ಲಿ ಇಟ್ಟು ಹೋಗ್ಯಾನ, ಹುಡುಕಲಿಲ್ಲ ನಾ."

ಬಸವಣ್ಣೆಮ್ಮ ನಗಲಿಲ್ಲ. ಅವಳಿಗೆ ಗಂಟು ಎಂಬ ಮಾತಿನ ಒಂದೇ ಅರ್ಥ ಸಾಕಾಗಿತ್ತು.

ಹಾಗೆ ಅವರು ಕೊಪ್ಪಳಕ್ಕೆ ಬಂದರು. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಗೆ ಎರಡು ವಾರಕ್ಕೊಮ್ಮೆ ಶನಿವಾರ ಡಾಕ್ಟರ್ ಪ್ರಭುರಾಜ ತಮ್ಮ ಯಂತ್ರವನ್ನು ಕಾರಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಯಿಂದ ಬರುತ್ತಿದ್ದರು. ಮೂಲತಃ ಕುಷ್ಟಗಿಯವರು. ಪೇಶಂಟಿನ ಹತ್ತಿರ ಊರಿನ ಮಾತು, ನರ್ಸುಗಳ ಹತ್ತಿರ ಇಂಗ್ಲಿಷು, ಯಂತ್ರ ಕೈಕೊಟ್ಟಾಗ ಮತ್ತೆ ಊರಿನ ಮಾತು.

ಗಾದಿಯ ಪ್ರಸಂಗ ಮುಗಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದರು. ಗಂಟು ಕ್ಯಾನ್ಸರ್ ಇರಬಹುದು. ಇದ್ದರೆ ದೊಡ್ಡ ಆಪರೇಷನ್ನು, ಹೊಟ್ಟೆಯೊಳಗಿನ ಅರ್ಧ ಸಂಸಾರ ಕತ್ತರಿಸಿ ಮತ್ತೆ ಜೋಡಿಸುವಂಥದ್ದು. ಬರೀ ಬಾವೂ ಇರಬಹುದು. ಇದ್ದರೆ ಗುಳಿಗೆಯಲ್ಲಿ ಕರಗುತ್ತದೆ, ಚಾಕು ಮುಟ್ಟಿಸುವುದೇ ಬೇಡ.

"ಸ್ಕ್ಯಾನಿನ್ಯಾಗ ಎರಡೂ ಒಂದೇ ಥರ ಕಾಣತಾವು. ಬಾವಿಗೆ ಆಪರೇಷನ್ ಮಾಡಿದ್ರೂ ತಪ್ಪು, ಕ್ಯಾನ್ಸರಿಗೆ ಗುಳಿಗಿ ಕೊಟ್ಟು ಕುಂತ್ರೂ ತಪ್ಪು. ಅದಕ್ಕ ಚುಚ್ಚಿ ಒಂದ್ ಮಾದರಿ ತಗದು ನೋಡಬೇಕು."

"ಹೊರಗಿಂದ ನೋಡಿ ಮಾಲು ಹೇಳಬಾರದ್ರಿ," ಎಂದ ಕಳಕಪ್ಪ. ಜೀವನದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ತನಗೆ ತಿಳಿಯುವ ಮಾತಾಡುತ್ತಿದ್ದಾರೆ ಎಂದು ಅವನಿಗೆ ಉಮೇದು ಬಂತು. ಎದ್ದು ಕೂತ.

ಡಾಕ್ಟರು ಮೇಜಿನ ಮೇಲಿದ್ದ ಸೂಜಿಗಳನ್ನು ಸಾಲಾಗಿ ಇಟ್ಟರು. "ಇದು ಹತ್ತೊಂಬತ್ತು ನಂಬರು. ಇದು ಇಪ್ಪತ್ತೆರಡು. ಇದು ಇಪ್ಪತ್ತೈದು."

"ಇಪ್ಪತ್ತೈದ ಹಾಕ್ರಿ ಸಾಹೇಬ್ರ. ದಪ್ಪ ಇರಲಿ. ಹೆಂಗೂ ಚುಚ್ಚಿಸಿಕೊಳ್ಳೋದು, ಅದರಾಗ ಕಂಜೂಸಿ ಯಾಕ?"

"ಇಪ್ಪತ್ತೈದು ಎಲ್ಲಾಕಿಂತ ಸಣ್ಣದ್ರಿ. ನಂಬರು ಏರಿದಂಗ ಸೂಜಿ ಸಣ್ಣ ಆಕ್ಕತಿ."

ಕಳಕಪ್ಪ ಸ್ವಲ್ಪ ಹೊತ್ತು ಆ ಅನ್ಯಾಯವನ್ನು ಯೋಚಿಸಿದ. "ನಮ್ಮ ವಯಸ್ಸಿದ್ದಂಗ ಐತಿ ಬಿಡ್ರಿ. ನಂಬರು ಏರತೈತಿ, ಮನಷ್ಯಾ ಇಳೀತಾನ. ಹಂಗಾದ್ರ ಹತ್ತೊಂಬತ್ತು ಹಾಕ್ರಿ. ಸಣ್ಣ ಸೂಜಿಯಿಂದ ಏನೂ ಬರಂಗಿಲ್ರಿ, ನನ್ನ ಅನುಭವ ಐತಿ."

"ನಿಮ್ಮ ಚೀಲ ಅಂಗಳದಾಗ ಇರ್ತಾವು, ಸುತ್ತ ಜಾಗ ಐತಿ," ಎಂದರು ಡಾಕ್ಟರು. "ಈ ಗಂಟು ಇರೋದು ಕರುಳಿನ ತಿರುವಿನಾಗ. ನಳಿಗಿ ಬಾಯಿಂದ ಹೊಟ್ಟಿಗೆ ಇಳಿದು, ಅಲ್ಲಿಂದ ಮುಂದ ಹೊಳ್ಳಬೇಕು. ಅದರ ತುದಿಗೆ ಸ್ಕ್ಯಾನು ಇರ್ತದ, ನೋಡ್ಕೋತ ಒಳಗಿಂದಾನ ಚುಚ್ಚೋದು. ಹತ್ತೊಂಬತ್ತು ಬಿರುಸು. ತಿರುವಿನಾಗ ಬಗ್ಗಂಗಿಲ್ಲ."

"ಓಣ್ಯಾಗ ಲಾರಿ ಹೊಳ್ಳಂಗಿಲ್ಲ ಅನ್ನಿ."

"ಹೂಂ. ಇಪ್ಪತ್ತೈದು ಸೈಕಲ್ ಇದ್ದಂಗ, ಎಲ್ಲಿ ಬೇಕಾದಲ್ಲಿ ಹೊಕ್ಕತಿ. ಆದ್ರ ತರೋದು ಒಂದ್ ಚಿಟಿಕಿ. ಕ್ಯಾನ್ಸರ್ ಹಿಡಿಯಾಕ ಎಷ್ಟೋ ಸಲ ಆ ಚಿಟಿಕಿ ಸಾಕು. ನಿಮಗ ಸಾಲಂಗಿಲ್ಲ. ಬಾವು ಅನ್ನೋದು ಖಾತ್ರಿ ಆಗಬೇಕಂದ್ರ ಬಿಡಿ ಕಣ ನೋಡಿದ್ರ ಆಗಂಗಿಲ್ಲ. ಒಂದಕ್ಕೊಂದು ಹೆಂಗ ಹೊಂದ್ಕೊಂಡಾವು ಅಂತ ಕಾಣಬೇಕು. ಸಣ್ಣದಾದ್ರೂ ಇಡೀ ತುಂಡು ಬೇಕು."

"ಹಿಟ್ಟು ಬ್ಯಾಡ, ಕಾಳು ಬೇಕು."

"ಹಂಗ ಅನ್ಕೋರಿ. ಅದಕ್ಕ ಈ ನಡುವಿಂದು, ಇಪ್ಪತ್ತೆರಡು. ಇದರ ತುದಿ ನೋಡ್ರಿ, ಕಚ್ಚು ಕೊರದಾರ. ಹೋಗೂವಾಗ ಚುಚ್ಚತೈತಿ, ಒಳಗ ಆಡಿಸಿದ್ರ ಕೊಯ್ದು ತುಂಡು ಹಿಡೀತೈತಿ. ಬಗ್ಗತೈತಿ ಕೂಡ."

ತಾನು ಕೇಳಿದ ದಪ್ಪದ್ದೂ ಅಲ್ಲ, ಬಾಯಿತಪ್ಪಿ ಕೇಳಿದ ಸಣ್ಣದ್ದೂ ಅಲ್ಲ, ಎರಡರ ನಡುವಿನದ್ದು. ಕಳಕಪ್ಪನಿಗೆ ಒಂದಿಷ್ಟು ಮುಖಭಂಗವಾಯಿತು. ಪೇಟೆಯ ಮರ್ಯಾದೆ ಉಳಿಸಿಕೊಳ್ಳಲು, "ಬಾಯಾಗೊಂದು, ನಡುವೊಂದು, ತಳಕ್ಕೊಂದು ಹಾಕ್ರಿ ಮತ್ತ," ಎಂದ.

"ಒಂದೇ ತೂತಿನ್ಯಾಗ ಬೀಸಣಿಕಿ ಬಿಚ್ಚಿದಂಗ ದಿಕ್ಕು ಬದಲಿ ಮಾಡಿ ತಗೀತೀನಿ. ಎಲ್ಲಾ ಕಡೀದು ಬರ್ತದ. ನೀವು ಮಲಕೋರಿ, ಅದಷ್ಟು ನಿಮ್ಮ ಕೆಲಸ."

ಬಸವಣ್ಣೆಮ್ಮ ಇಷ್ಟು ಹೊತ್ತು ಸೂಜಿ ನೋಡುತ್ತಿರಲಿಲ್ಲ, ಡಾಕ್ಟರ ಮುಖ ನೋಡುತ್ತಿದ್ದಳು. "ಯಾವುದು ಅಂತ ತಿಳಿದ್ರ ಸಾಕ್ರಿ," ಎಂದಳು. "ತಿಳೀದ ಕುಂದ್ರೋದು ಆಗವಲ್ದು."

ಗಂಟಲಿಗೆ ಕಹಿ ಔಷಧಿ ಹೊಡೆದರು. ಕೈಗೆ ಇಂಜೆಕ್ಷನ್ ಕೊಟ್ಟರು. ನರ್ಸು ರೂಪಾ, "ನಿಮ್ಮ ಹೆಸರು ಹೇಳ್ರಿ ಅಜ್ಜಾರ," ಎಂದಳು. ಐವತ್ತಕ್ಕೇ ಅಜ್ಜನಾದೆನಲ್ಲ ಎಂದು ತಕರಾರು ತೆಗೆಯುವ ಮನಸ್ಸಿತ್ತು. ಮೊದಲು ಹೆಸರು ಹೇಳಿಬಿಡೋಣ ಎಂದು "ಕಳಕ" ಎಂದ. ಉಳಿದರ್ಧ ಹೆಸರು ಬಾಯಲ್ಲೇ ಉಳಿಯಿತು.

ಎಚ್ಚರವಾದಾಗ ಎದುರಿಗೆ ಇಬ್ಬರು ರೂಪಾ ನಿಂತಿದ್ದರು. ಇಬ್ಬರ ಕೈಯಲ್ಲೂ ಹೆಬ್ಬೆರಳಷ್ಟು ಬಾಟಲಿ. ಒಳಗೆ ನೀರಿನಂಥದ್ದು, ಅದರಲ್ಲಿ ಬಿಳಿ ಎಳೆಗಳು. ಬಸವಣ್ಣೆಮ್ಮ ಕೆಳಗೆ ಗುಳಿಗೆ ತರಲು ಹೋಗಿದ್ದಳು. ರೂಪಾ ಬಾಟಲಿ ತೋರಿಸಿ ಏನೇನೋ ಹೇಳಿದಳು. ಕಳಕಪ್ಪ ಬಹಳ ಗಂಭೀರವಾಗಿ, ಪ್ರತಿ ಮಾತಿಗೂ ಹೂಂ, ಹೂಂ ಎಂದ. ಅವಳು ಹೇಳಿದ್ದರಲ್ಲಿ ಅವನ ಕಿವಿಗೆ ಇಳಿದದ್ದು "ಹುಬ್ಬಳ್ಳಿ" ಮತ್ತು "ಸೋಮವಾರ" ಮಾತ್ರ. ಅಂಥ ಮಾದರಿ ಓದುವವರು ಕೊಪ್ಪಳದಲ್ಲಿರಲಿಲ್ಲ. ಹುಬ್ಬಳ್ಳಿಯ ಲ್ಯಾಬಿಗೆ ಮನೆಯವರೇ ಒಯ್ದು ಮುಟ್ಟಿಸಬೇಕಿತ್ತು. ನಡುವೆ ಭಾನುವಾರ.

ಬಾಟಲಿ ಗಂಗಾವತಿಗೆ ಬಂದು ದೇವರ ಮಾಡದಲ್ಲಿ ದೀಪದ ಪಕ್ಕ ಕೂತಿತು. ಭಾನುವಾರ ಬೆಳಿಗ್ಗೆ ಬಸವಣ್ಣೆಮ್ಮ ಹಿಟ್ಟಿನ ಗಿರಣಿಗೆ ಹೋದಳು. ಮನೆಯಲ್ಲಿ ಕಳಕಪ್ಪ ಮತ್ತು ಕಳಕಪ್ಪನ ಮಾದರಿ, ಇಬ್ಬರೇ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಎಳೆಗಳು ಛಲೋ ಬಂದಿದ್ದವು, ಡಾಕ್ಟರ ಕೈ ಒಳ್ಳೆಯದು. ಆದರೆ ನೀರಲ್ಲಿ ಮುಳುಗಿಸಿ ಕೊಟ್ಟಿದ್ದಾರಲ್ಲ. ಇಪ್ಪತ್ತೆರಡು ವರ್ಷ ಅವನು ಈ ಕಣ್ಣಿಂದ ಮಾದರಿ ನೋಡಿದ್ದ. ಹಸಿ ಮಾದರಿ ತಂದವನಿಗೆ ಯಾವತ್ತೂ ಒಳ್ಳೆಯ ಮಾತು ಹೇಳಿ ಕಳಿಸಿದವನಲ್ಲ. ನಾಳೆ ಹುಬ್ಬಳ್ಳಿಯಲ್ಲಿ ಅವನಂಥದೇ ಒಬ್ಬ ಮನುಷ್ಯ ಕೂತಿರುತ್ತಾನೆ. ಅವನ ಮುಂದೆ ಇಂಥ ನೀರು ಸೋರುವ ಮಾಲು ಇಟ್ಟರೆ ಅವನು ಇನ್ನೇನು ಬರೆದಾನು? ಕ್ಯಾನ್ಸರ್ ಎಂದೇ ಬರೆಯುತ್ತಾನೆ. ಅಕ್ಕಿಯಾಗಲಿ ಮನುಷ್ಯನಾಗಲಿ, ಮಾದರಿಯನ್ನು ಮರ್ಯಾದೆಯಾಗಿ ಒಣಗಿಸಿ ಕೊಡಬೇಕು.

ಮುಚ್ಚಳ ತೆಗೆದಾಗ ಘಾಟು ವಾಸನೆ ಕಣ್ಣಿಗೆ ಹೊಡೆಯಿತು. ನುಸಿ ಹತ್ತಬಾರದೆಂದು ಔಷಧಿ ಹಾಕಿರಬೇಕು ಎಂದುಕೊಂಡ, ಗೋದಾಮಿನಲ್ಲೂ ಹಾಕುತ್ತಾರೆ. ಒಗೆದ ಕರವಸ್ತ್ರದ ಮೇಲೆ ಬಾಟಲಿ ಬಗ್ಗಿಸಿ, ನೀರನ್ನು ಬಚ್ಚಲಿಗೆ ಬಿಟ್ಟು, ಎಳೆಗಳನ್ನು ಸ್ಟೀಲಿನ ತಟ್ಟೆಗೆ ಹಾಕಿಕೊಂಡು ಮಾಳಿಗೆ ಹತ್ತಿದ. ಗುಬ್ಬಿ ಮುಟ್ಟಬಾರದೆಂದು ಮೇಲೆ ಜರಡಿ ಬೋರಲು ಹಾಕಿದ. ಗಂಗಾವತಿಯ ಏಪ್ರಿಲ್ ಬಿಸಿಲು. ತಾನು ವಾಪಸು ಕಳಿಸಿದ ಅಷ್ಟೂ ಚೀಲಗಳನ್ನು ಒಣಗಿಸಿದ ಬಿಸಿಲು, ಇವತ್ತು ತನ್ನ ಕೆಲಸಕ್ಕೆ ಬಂತು ಎಂದು ಅವನಿಗೆ ಸಮಾಧಾನವಾಯಿತು. ನೆರಳಿಗೆ ಕೂತು ಕಾವಲು ಕಾದ.

ಹಿಟ್ಟಿನ ಡಬ್ಬಿ ಕೆಳಗಿಟ್ಟು ಬಸವಣ್ಣೆಮ್ಮ ಮಾಳಿಗೆಗೆ ಬಂದಳು. ಜರಡಿ ಎತ್ತಿ ನೋಡಿದಳು.

"ಇದೇನ್ರಿ, ಶ್ಯಾವಿಗಿ? ಇಷ್ಟ ಶ್ಯಾವಿಗಿ ಯಾರ ಬಾಯಿಗೆ ಸಾಕಾಕ್ಕತಿ?"

"ಶ್ಯಾವಿಗಿ ಅಲ್ಲ."

"ಮತ್ತ?"

"ನಾನು."

ಅವಳು ತಟ್ಟೆ ನೋಡಿದಳು, ಗಂಡನನ್ನು ನೋಡಿದಳು. ಯಾವುದು ಹೆಚ್ಚು ಒಣಗಿದೆ ಎಂದು ಹೇಳುವುದು ಕಷ್ಟವಿತ್ತು. "ಆ ನೀರು ಎಲ್ಲಿ?"

"ಬಚ್ಚಲಕ್ಕ ಚೆಲ್ಲಿದೆ."

"ಚೆಲ್ಲಂತ ನರ್ಸಮ್ಮ ಹೇಳಿದ್ಲೇನು?"

"ಅಕಿ ಏನ್ ಹೇಳಿದ್ಲೋ. ನನಗ ಇಬ್ಬರು ಕಾಣತಿದ್ರು. ಯಾರ ಮಾತು ಕೇಳಲಿ?"

"ನೀವು ಹಿಂಗ್ಯಾಕ ಮಾಡಿದ್ರಿ?"

ಅಲ್ಲಿಯ ತನಕ ಅವನ ದನಿಯಲ್ಲಿದ್ದ ಚೇಷ್ಟೆ ಇಳಿಯಿತು. "ಹಸಿ ಮಾಲಿಗೆ ಯಾರು ಛಲೋ ಮಾತು ಹೇಳ್ತಾರ, ಬಸವಣ್ಣಿ? ಛಲೋ ಅನ್ಲಿ ಅಂತ ಮಾಡಿದೆ."

ಬಸವಣ್ಣೆಮ್ಮ ಬೈಯಲು ಬಾಯಿ ತೆರೆದಿದ್ದಳು. ಹಾಗೇ ಕೂತು, ತಟ್ಟೆಯ ಮೇಲೆ ಸೆರಗಿನ ನೆರಳು ಹಿಡಿದಳು. ಇಷ್ಟು ವರ್ಷ ಅವಳೂ ಇದೇ ಊರಲ್ಲಿ ಬಾಳಿದವಳು. ಹಸಿ ಚೀಲ ವಾಪಸು ಹೋಗುವುದನ್ನು ಅವಳೂ ಕಂಡಿದ್ದಳು. ಆಸ್ಪತ್ರೆಗೆ ಫೋನು ಹಚ್ಚಿದರು, ಭಾನುವಾರ ಯಾರೂ ಎತ್ತಲಿಲ್ಲ. ಕೊನೆಗೆ ಕಾಯಿಸಿ ಆರಿಸಿದ ನೀರನ್ನು ಬಾಟಲಿಗೆ ತುಂಬಿ ಎಳೆಗಳನ್ನು ಅದರೊಳಗೆ ಬಿಟ್ಟಳು. ಅವು ಮುಳುಗಲಿಲ್ಲ. ಮೇಲೆ ತೇಲಿದವು.

"ಜೊಳ್ಳು," ಎಂದ ಕಳಕಪ್ಪ, ಸಣ್ಣ ದನಿಯಲ್ಲಿ.

ಹುಬ್ಬಳ್ಳಿಯ ಲ್ಯಾಬಿನಲ್ಲಿ ಕೂತಿದ್ದದ್ದು ಅವನಂಥ ಮನುಷ್ಯನಲ್ಲ, ಕನ್ನಡಕದ ಒಬ್ಬ ಹೆಣ್ಣುಮಗಳು. ಬಾಟಲಿ ಅಲ್ಲಾಡಿಸಿ, "ಇದಕ್ಕೇನಾಗೈತ್ರಿ?" ಎಂದಳು.

"ಸ್ವಲ್ಪ ಬಿಸಿಲು ಬಡದೈತ್ರಿ."

ಹೇಳಿದ ಮೇಲೆ ಕಳಕಪ್ಪನಿಗೆ ತನ್ನ ದನಿಯ ಗುರುತು ಹತ್ತಿತು. ಚೀಲದ ತೇವಕ್ಕೆ ದೊಡ್ಡಬಸಪ್ಪ ಹೇಳುತ್ತಿದ್ದದ್ದು ಇದೇ 'ಸ್ವಲ್ಪ'. ಆ ಹೆಣ್ಣುಮಗಳೂ ಕಳಕಪ್ಪ ತಲೆ ಅಲ್ಲಾಡಿಸುತ್ತಿದ್ದ ಹಾಗೆಯೇ ತಲೆ ಅಲ್ಲಾಡಿಸಿದಳು. ಪ್ರಯತ್ನ ಮಾಡುತ್ತೇವೆ ಎಂದು ಇಟ್ಟುಕೊಂಡಳು. ಆಮೇಲೆ ಬಂದ ಉತ್ತರ ಚಿಕ್ಕದು: ಮಾದರಿ ಒಣಗಿ ಹೋಗಿದೆ, ಓದಲು ಬರುವುದಿಲ್ಲ, ಇನ್ನೊಮ್ಮೆ ತೆಗೆಸಬೇಕು.

"ನಾ ವಾಪಸ್ ಕಳಿಸಿದ ಚೀಲ ಎಲ್ಲಾ ಹಸಿ ಇದ್ದವು," ಎಂದ ಕಳಕಪ್ಪ. "ಒಣಗಿ ವಾಪಸ್ ಬಂದ ಮಾಲು ಈ ಜಿಲ್ಲಾದಾಗ ನಾನೊಬ್ಬನ."

ಡಾಕ್ಟರು ಬರುವ ಮುಂದಿನ ಶನಿವಾರದ ತನಕ ಕಾಯಬೇಕಿತ್ತು. ಮನೆಯಲ್ಲಿ ಕೂತರೆ ಬಸವಣ್ಣೆಮ್ಮ ದಿನ ಎಣಿಸುವುದು ನೋಡಬೇಕಾಗುತ್ತದೆಂದು ಕಳಕಪ್ಪ ಪೇಟೆಗೆ ಹೋದ. ದೊಡ್ಡಬಸಪ್ಪನ ಚೀಲಗಳು ಇಳಿದಿದ್ದವು. ಕಳಕಪ್ಪ ಸೂಜಿ ಎತ್ತಿದ, ಚೀಲದ ಪಕ್ಕೆಗೆ ಹಿಡಿದ, ಚುಚ್ಚಲಿಲ್ಲ. ಒಳಗಿನಿಂದ ಏನು ಬರುತ್ತದೋ ಎಂಬ ಎಂದೂ ಇಲ್ಲದ ಪುಕ್ಕಲು ಬೇರೆಯವರ ಚೀಲದ ಮುಂದೆ ಬಂದು ನಿಂತಿತ್ತು.

"ಏನಪಾ, ಕಳಕಪ್ಪಣ್ಣ? ಚುಚ್ಚವಲ್ಲಿ?"

"ಕೈ ಬರವಲ್ದು."

ದೊಡ್ಡಬಸಪ್ಪನಿಗೆ ಸಂತೋಷವಾಗಬೇಕಿತ್ತು. ಅವನಿಗೆ ಗಾಬರಿಯಾಯಿತು. "ಏ, ಹಂಗ ಬಿಡಬ್ಯಾಡಪಾ. ಈ ಸಲ ಮಾಲು ಖರೇನ ಒಣಗೈತಿ. ನೀ ಚುಚ್ಚಿ ಹೇಳದಿದ್ರ ಯಾರು ನಂಬತಾರ? ಚುಚ್ಚು, ನನ್ನ ಆಣಿ."

ಕಳಕಪ್ಪ ಚುಚ್ಚಲಿಲ್ಲ. ಸೂಜಿಯನ್ನು ಚೀಲದ ಮೇಲಿಟ್ಟು ಚಾ ಕುಡಿಯಲು ಹೋದ. ಸಂಜೆಯೊಳಗೆ ಪೇಟೆಯಲ್ಲಿ ಸುದ್ದಿ ಹರಡಿತು: ಸೂಜಿ ಕಳಕಪ್ಪನ ಹೊಟ್ಟೆಗೇ ಸೂಜಿ ಬಿದ್ದಿದೆ, ಚುಚ್ಚಿಸಿಕೊಂಡ ನೋವು ತಿಳಿದು ಚುಚ್ಚುವುದನ್ನೇ ಬಿಟ್ಟಿದ್ದಾನೆ, ವೈರಾಗ್ಯ ಬಂದಿದೆ. ಮಠಕ್ಕೆ ಸೇರುವವನಿದ್ದಾನೆ ಎಂದೂ ಒಬ್ಬ ಹಮಾಲ ಸೇರಿಸಿದ.

ಶನಿವಾರ ಬಂತು. ಡಾಕ್ಟರು ಲ್ಯಾಬಿನ ಉತ್ತರ ಓದಿ, "ಒಣಗೋದು ಹೆಂಗ? ಔಷಧದಾಗ ಹಾಕಿ ಕೊಟ್ಟಿದ್ವಲ್ಲ," ಎಂದರು. ಕಳಕಪ್ಪ ಹೇಳಿದ, ಕರವಸ್ತ್ರ, ತಟ್ಟೆ, ಜರಡಿ, ಗುಬ್ಬಿ ಯಾವುದನ್ನೂ ಬಿಡದೆ. ಡಾಕ್ಟರು ಕನ್ನಡಕ ತೆಗೆದು ಮೇಜಿಗೆ ಹಣೆ ಹಚ್ಚಿ ನಕ್ಕರು.

"ನಾ ಕುಷ್ಟಗ್ಯಾಂವ. ನಮ್ಮೂರಾಗ ಮೆಣಸಿನಕಾಯಿ, ಹಪ್ಪಳ, ಸಂಡಿಗಿ ಎಲ್ಲಾ ಬಿಸಲಿಗೆ ಹಾಕ್ತಾರ. ಮನಿ ಯಜಮಾನನ್ನ ಹಾಕಿದ್ದು ಕೇಳಿರಲಿಲ್ಲ."

"ನಾ ಹೇಳಿದ್ನಲ್ರಿ ಅಜ್ಜಾರ, ನೀರು ಚೆಲ್ಲಬ್ಯಾಡ್ರಿ, ಹಂಗ ಇಡ್ರಿ ಅಂತ," ಎಂದಳು ರೂಪಾ, ಅಳುವಂಥ ಮುಖದಲ್ಲಿ. "ಹೂಂ, ಹೂಂ ಅಂದ್ರಿ."

"ನಿದ್ದಿಗಣ್ಣಾಗ ಅಂದಿರಬೇಕವ್ವ. ಮದುವ್ಯಾಗೂ ಹಂಗ ಅಂದಿದ್ದೆ."

"ಇನ್ನೂ ಎಚ್ಚರ ಆಗಿಲ್ರಿ ಇವರಿಗೆ," ಎಂದಳು ಬಸವಣ್ಣೆಮ್ಮ.

ಡಾಕ್ಟರು ಕನ್ನಡಕ ಹಾಕಿಕೊಂಡರು. ನಗು ಹೋಗಿತ್ತು. "ಮತ್ತ ಚುಚ್ಚಬೇಕು. ಹದಿನೈದು ದಿನ ಸುಮ್ಮನ ಹೋದ್ವು. ಅದು ಕ್ಯಾನ್ಸರ್ ಆಗಿದ್ರ ಈ ದಿನ ನಮಗ ತಿರುಗಿ ಸಿಗಂಗಿಲ್ಲ. ಅದು ಗೊತ್ತಿರಲಿ." ಸೂಜಿಗಳ ಕಡೆ ಕೈ ತೋರಿಸಿದರು. "ಈ ಸಲ ಯಾವುದು ಹಾಕಲಿ, ಹೇಳ್ರಿ."

ಕಳಕಪ್ಪ ಆ ಕಡೆ ನೋಡಲೂ ಇಲ್ಲ. "ಸೂಜಿ ನಿಮ್ಮದು, ಚೀಲ ನಂದು. ನನ್ನ ಮಾಲಿಗೆ ನಾನ ಕೈ ಹಾಕಿದ್ದು ಸಾಕ್ರಿ."

ಮತ್ತೆ ಕಹಿ ಔಷಧಿ, ಮತ್ತೆ ಇಂಜೆಕ್ಷನ್. ಈ ಸಲ ಹೆಸರಿನ ಮೊದಲ ಅಕ್ಷರಕ್ಕೇ ಮುಗಿಯಿತು. ಎದ್ದಾಗ ಬಾಟಲಿ ಬಸವಣ್ಣೆಮ್ಮನ ಸೆರಗಿನ ಗಂಟಿನಲ್ಲಿತ್ತು. ನೋಡುತ್ತೇನೆ ಎಂದರೆ ತೋರಿಸಲಿಲ್ಲ. ಭಾನುವಾರ ಇಡೀ ದಿನ ಅವಳು ಆ ಗಂಟು ಬಿಚ್ಚಲಿಲ್ಲ, ಮಾಳಿಗೆಯ ಬಾಗಿಲಿಗೂ ಕೀಲಿ ಹಾಕಿದಳು. ಸೋಮವಾರ ಹುಬ್ಬಳ್ಳಿಗೆ ಅವಳೇ ಒಯ್ದು ಕನ್ನಡಕದ ಹೆಣ್ಣುಮಗಳ ಕೈಗೆ ಕೊಟ್ಟು, "ಬಿಸಲು ತೋರಿಸಿಲ್ರಿ," ಎಂದು ಹೇಳಿ ಬಂದಳು.

ಉತ್ತರ ಬಂದ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿ, ಮೊದಲು ಬಸವಣ್ಣೆಮ್ಮನ ಕಡೆ ನೋಡಿ ಹೇಳಿದರು. "ಕ್ಯಾನ್ಸರ್ ಅಲ್ಲ. ಬಾವು. ಸೂಜಿ ಛಲೋ ತುಂಡು ತಂದೈತಿ, ಲ್ಯಾಬಿನವರಿಗೆ ಅನುಮಾನ ಉಳಿದಿಲ್ಲ. ಗುಳಿಗಿ ಕೊಡ್ತೀನಿ. ಬಿಡದಂಗ ತಗೋಬೇಕು, ಕರದಾಗ ಬಂದು ತೋರಿಸಬೇಕು."

"ಬಾವು ಯಾಕ ಆತ್ರಿ?" ಎಂದ ಕಳಕಪ್ಪ.

"ನಮ್ಮ ಮೈಯಾಗ ಕಾವಲಿಗೆ ಒಂದು ದಂಡು ಇರ್ತದ, ಹೊರಗಿನ ರೋಗ ಬಂದ್ರ ಹೊಡಿಯಾಕ. ಒಮ್ಮೊಮ್ಮೆ ಅದು ತಪ್ಪು ತಿಳಕೊಂಡು ತನ್ನ ಮಾಲನ್ನ ತಾನ ಬ್ಯಾಡ ಅಂತ ಹೊಡಿತೈತಿ."

"ಅಂದ್ರ ನನ್ನೊಳಗೂ ಒಬ್ಬ ಸೂಜಿ ಕಳಕಪ್ಪ ಕುಂತಾನ ಅನ್ನಿ," ಎಂದ ಕಳಕಪ್ಪ. " ಕಂಡ ಚೀಲಕ್ಕೆಲ್ಲ ತಲಿ ಅಲ್ಲಾಡಿಸಿ ವಾಪಸ್ ಕಳಸಾಂವ."

ಬಸವಣ್ಣೆಮ್ಮ, "ಗುಳಿಗಿ ಊಟಕ್ಕಿಂತ ಮೊದಲೋ, ಆಮ್ಯಾಲೋ?" ಎಂದು ಕೇಳಿದಳು. ಆಮೇಲೆ ಎಂದರು ಡಾಕ್ಟರು. ಅವಳು ಹೂಂ ಎಂದು, ಎದ್ದು ಹೊರಗೆ ಹೋಗಿ, ಬಾಟಲಿ ಕಟ್ಟಿಕೊಂಡಿದ್ದ ಅದೇ ಸೆರಗಿನ ತುದಿಯಿಂದ ಎಷ್ಟೋ ಹೊತ್ತು ಮುಖ ಒರೆಸಿಕೊಂಡಳು. ಒಳಗೆ ಕಳಕಪ್ಪ ಗಾದಿಯ ಮೇಲೆ ಕೈಯಾಡಿಸುತ್ತ ಕೂತಿದ್ದ. ಮೊದಲ ದಿನ ತಾನು ಮಾಡಿದ ತೂತು ಹಾಗೇ ಇತ್ತು, ಬೆರಳಿಟ್ಟು ಮುಚ್ಚಿದ.

ಗುಳಿಗೆ ಹಿಡಿಯಿತು. ಕಣ್ಣಿನ ಬಂಗಾರ ಇಳಿದು ಮೈಗೆ ಮಾಮೂಲು ತಾಮ್ರ ಬಂತು. ಅಂಗಿ ತನ್ನ ಅಳತೆಗೆ ಮರಳಿತು. ಮತ್ತೆ ಪೇಟೆಗೆ ಕಾಲಿಟ್ಟ ದಿನ ಹಮಾಲರು ಚಾ ತರಿಸಿದರು. ದೊಡ್ಡಬಸಪ್ಪ ತನ್ನ ಚೀಲದ ಮೇಲೆ ಟವಲು ಹಾಸಿ ಅವನನ್ನು ಕೂರಿಸಿದ. ವೈರಾಗ್ಯದ ಸುದ್ದಿ ಕೇಳಿದ್ದವರೆಲ್ಲ ಸುತ್ತ ನೆರೆದಿದ್ದರು. ಏನಾದರೂ ಒಂದು ದೊಡ್ಡ ಮಾತು ಬರಲಿದೆ ಎಂದು ತಕ್ಕಡಿಯವನೂ ತೂಕ ನಿಲ್ಲಿಸಿ ಬಂದ.

ಕಳಕಪ್ಪ ಎದ್ದು ಸೂಜಿ ಕೈಗೆ ತಗೊಂಡ. ಮೊನೆ ಒರೆಸಿದ. ಚೀಲದ ಪಕ್ಕೆಗೆ ಹಿಡಿದ.

ದೊಡ್ಡಬಸಪ್ಪ ಮೆಲ್ಲಗೆ ಅವನ ಮುಂಗೈ ಹಿಡಿದುಕೊಂಡ. "ಒಂದ್ ಮಾತು ಹೇಳಿ ಚುಚ್ಚು ಕಳಕಪ್ಪಣ್ಣ. ಇಷ್ಟು ವರ್ಷ ನಮ್ಮ ಚೀಲಕ್ಕ ಚುಚ್ಚಿದಿ. ಈಗ ನಿನಗೂ ಚುಚ್ಚಿದ್ರು, ಅದೂ ಎರಡು ಸಲ. ಸೂಜಿ ಒಳಗ ಹೊಕ್ಕಾಗ ಹೆಂಗ ಅನಿಸ್ತು? ಚೀಲದ ಸಂಕಟ ತಿಳೀತೇನು?"

ಹಮಾಲರು ಚಾದ ಕಪ್ಪು ಕೆಳಗಿಟ್ಟರು. ಕಳಕಪ್ಪ ಸೂಜಿಯನ್ನು ನೋಡಿದ, ಚೀಲವನ್ನು ನೋಡಿದ, ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿದ. ಪಾಪ, ಇವರಿಗೆ ಏನಾದರೂ ಹೇಳಬೇಕು ಎಂದು ಅವನಿಗೂ ಅನಿಸಿತು.

"ಗೊತ್ತಿಲ್ಲಪಾ," ಎಂದ. "ಎರಡೂ ಸಲ ನಿದ್ದಿ ಹತ್ತಿತ್ತು."